ಕಡಲ ಪಕ್ಕದ ಊರಿಗೆ 8×42 ಬೈನಾಕ್ಯುಲರ್ ಸಾಕಾ? ಸಾಕು, ಜಾಸ್ತಿ ಬೇಡ

ಮೊದಲೇ ಹೇಳಿಬಿಡುತ್ತೇನೆ. ಕಡಲ ಪಕ್ಕದ ಸಣ್ಣ ಊರಲ್ಲಿ ಇರುವವರು, ಅಥವಾ ಅಂಥ ಕಡೆ ಆಗಾಗ ಹೋಗಿ ಉಳಿಯುವವರು, ಒಂದೇ ಒಂದು ಬೈನಾಕ್ಯುಲರ್ ಕೊಳ್ಳುವುದಾದರೆ 8×42 ಕೊಳ್ಳಿ. 12× ಬೇಡ, 16× ಬೇಡ, ಡಬ್ಬಿ ಮೇಲೆ '100× ಜೂಮ್' ಅಂತ ದೊಡ್ಡದಾಗಿ ಬರೆದಿರುವುದಂತೂ ಬೇಡವೇ ಬೇಡ. ನನ್ನ ಹತ್ತಿರ ಇರುವುದು ಮಧ್ಯಮ ದರ್ಜೆಯದು. ಕಂಪನಿ ಹೆಸರು ಬರೆಯುತ್ತಿಲ್ಲ. ಇದೇ ಅಳತೆಯದನ್ನು ತುಂಬಾ ಕಂಪನಿಗಳು ಮಾಡುತ್ತವೆ, ಉಪ್ಪುಗಾಳಿಗೆ ಅದು ತಡೆಯುತ್ತದೋ ಇಲ್ಲವೋ ಅನ್ನುವುದು ಹೆಸರಿನ ಮೇಲಲ್ಲ, ಒಳಗೆ ಏನು ಹಾಕಿದ್ದಾರೆ ಅನ್ನುವುದರ ಮೇಲೆ ನಿಂತಿದೆ.

ಈ ಅಂಕೆಗಳ ಲೆಕ್ಕ ಗೊತ್ತಿದ್ದವರು ಮುಂದಿನ ಪ್ಯಾರಾಕ್ಕೆ ಹೋಗಿ. 8 ಅಂದರೆ ಎಂಟು ಪಟ್ಟು ಹತ್ತಿರ. 800 ಮೀಟರ್ ಆಚೆ ಇರುವ ದೋಣಿ 100 ಮೀಟರ್‌ನಲ್ಲಿ ಇದ್ದ ಹಾಗೆ ಕಾಣುತ್ತದೆ. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. 42ನ್ನು 8ರಿಂದ ಭಾಗಿಸಿದರೆ 5.25 ಬರುತ್ತದೆ. ಕಣ್ಣಿಗೆ ಬಂದು ಬೀಳುವ ಬೆಳಕಿನ ವೃತ್ತ ಅಷ್ಟು ಮಿಲಿಮೀಟರ್ ಅಗಲ ಇರುತ್ತದೆ. ನಡು ಹಗಲಲ್ಲಿ ನಮ್ಮ ಕಣ್ಣಿನ ಪಾಪೆ 2–3 ಮಿಲಿಮೀಟರ್‌ಗೆ ಕುಗ್ಗಿರುತ್ತದೆ, ಆಗ ಇಷ್ಟು ಬೆಳಕು ಬೇಕಾಗಿಲ್ಲ. ಆದರೆ ಕಡಲ ಊರಲ್ಲಿ ನೋಡಬೇಕಾದ ಕೆಲಸ ಎಲ್ಲ ನಡೆಯುವುದು ಬೆಳಗಿನ ಜಾವ ಮತ್ತು ಮುಸ್ಸಂಜೆ. ದೋಣಿ ಹೊರಡುವುದು ಆಗ, ಬರುವುದು ಆಗ, ನೀರುನಾಯಿ ಅಳಿವೆ ಬಾಯಿಗೆ ಇಳಿಯುವುದು ಆಗ. ಆ ಹೊತ್ತಲ್ಲಿ ಪಾಪೆ ಅಗಲವಾಗಿರುತ್ತದೆ. ಜೇಬಿಗೆ ಹಿಡಿಸುವ 10×25 ಕೊಡುವುದು ಬರೀ 2.5 ಮಿಲಿಮೀಟರ್ ವೃತ್ತ. ಹಗಲಲ್ಲಿ ಚೆನ್ನಾಗಿಯೇ ಕಾಣುತ್ತದೆ, ಸಂಜೆ ಆರರ ಮೇಲೆ ಸುಮ್ನೆ ಕಪ್ಪು.

ಹಾಗಾದರೆ 12× ಯಾಕೆ ಬೇಡ? ಗಾಳಿ, ಅಷ್ಟೇ. ಕಡಲ ದಂಡೆಯಲ್ಲಿ ಗಾಳಿ ನಿಲ್ಲುವುದು ಅಪರೂಪ. ಬೈನಾಕ್ಯುಲರ್ ಚಿತ್ರವನ್ನು ಎಷ್ಟು ಪಟ್ಟು ದೊಡ್ಡದು ಮಾಡುತ್ತದೋ ಕೈಯ ನಡುಕವನ್ನೂ ಅಷ್ಟೇ ಪಟ್ಟು ದೊಡ್ಡದು ಮಾಡುತ್ತದೆ. 12× ಹಿಡಿದು ದಂಡೆಯಲ್ಲಿ ನಿಂತರೆ ದೂರದ ಹಕ್ಕಿ ದೊಡ್ಡದಾಗೇನೋ ಕಾಣುತ್ತದೆ, ಆದರೆ ಕುಣಿಯುತ್ತಾ ಕಾಣುತ್ತದೆ. ಅದರ ಕಾಲಿನ ಬಣ್ಣ ಹಳದಿಯೋ ಕಪ್ಪೋ ಅಂತ ಹೇಳಲು ಆಗುವುದಿಲ್ಲ. 8× ನಲ್ಲಿ ಸ್ವಲ್ಪ ಚಿಕ್ಕದಾಗಿ ಕಂಡರೂ ನಿಂತು ಕಾಣುತ್ತದೆ.

ಇನ್ನೊಂದು ಕಾರಣ ನೋಟದ ಅಗಲ. 8×42ರಲ್ಲಿ ಒಂದು ಕಿಲೋಮೀಟರ್ ದೂರದಲ್ಲಿ ಸಾಮಾನ್ಯವಾಗಿ 120ರಿಂದ 145 ಮೀಟರ್ ಅಗಲದ ನೀರು ಒಟ್ಟಿಗೆ ಕಾಣುತ್ತದೆ. ಇದು ಕಾಡಲ್ಲಿ ಅಷ್ಟು ಮುಖ್ಯ ಅನಿಸದೆ ಇರಬಹುದು. ಅಲ್ಲಿ 'ಆ ಮರದ ಎಡಗಡೆ ಕೊಂಬೆ' ಅಂತ ಗುರುತು ಹೇಳಬಹುದು. ಕಡಲಲ್ಲಿ ಗುರುತು ಎಲ್ಲಿದೆ? ಎಲ್ಲಾ ಕಡೆ ನೀರೇ. ಡಾಲ್ಫಿನ್ ಉಸಿರಿಗೆ ಅಂತ ಮೇಲೆ ಬಂದಾಗ ಬೆನ್ನಿನ ರೆಕ್ಕೆ ಕಾಣುವುದು ಒಂದೆರಡು ಸೆಕೆಂಡು. ಕಣ್ಣಿಗೆ ಬಿತ್ತು ಅಂತ ಬೈನಾಕ್ಯುಲರ್ ಎತ್ತುವಷ್ಟರಲ್ಲಿ ಮುಳುಗಿರುತ್ತದೆ, ಮತ್ತೆ ಏಳುವುದು ಬೇರೆ ಜಾಗದಲ್ಲಿ. ನೋಟ ಅಗಲವಾಗಿದ್ದರೆ ಮಾತ್ರ ಎರಡನೇ ಸಲ ಎದ್ದಾಗ ಸಿಗುತ್ತದೆ. ಅಂದ ಹಾಗೆ, ರೆಕ್ಕೆ ಕಂಡ ತಕ್ಷಣ 'ಶಾರ್ಕ್' ಅಂತ ಕೂಗುವವರಿಗೆ: ರೆಕ್ಕೆ ಉರುಳಿದ ಹಾಗೆ ಎದ್ದು ಬಾಗಿ ಮುಳುಗಿದರೆ ಅದು ಡಾಲ್ಫಿನ್. ಅದರ ಬಾಲ ಅಡ್ಡಕ್ಕೆ ಇರುತ್ತದೆ, ಮೇಲೆ ಕೆಳಗೆ ಬಡಿಯುತ್ತದೆ. ಶಾರ್ಕ್ ಬಾಲ ನೆಟ್ಟಗೆ ಇರುತ್ತದೆ, ಪಕ್ಕಕ್ಕೆ ಬಡಿಯುತ್ತದೆ, ಹಾಗಾಗಿ ಅದರ ರೆಕ್ಕೆ ಒಂದೇ ಮಟ್ಟದಲ್ಲಿ ನೀರು ಸೀಳಿಕೊಂಡು ಹೋಗುತ್ತದೆ.

ದೋಣಿಯಲ್ಲೇ ಹೆಚ್ಚು ಹೊತ್ತು ಇರುವವರಿಗೆ ನನ್ನ ಸಲಹೆ ಬೇರೆ. ನಾವಿಕರು ಹಿಂದಿನಿಂದಲೂ ಹಿಡಿಯುವುದು 7×50. ಅಲುಗಾಟ ಇನ್ನೂ ಕಡಿಮೆ, ಬೆಳಕಿನ ವೃತ್ತ 7 ಮಿಲಿಮೀಟರ್‌ಗೂ ಸ್ವಲ್ಪ ಜಾಸ್ತಿ. ಆದರೆ ಅದು ಒಂದು ಕಿಲೋ ಹತ್ತಿರ ತೂಗುತ್ತದೆ. ಕುತ್ತಿಗೆಗೆ ಹಾಕಿಕೊಂಡು ಮರಳಲ್ಲಿ ನಡೆದು ನೋಡಿ, ಗೊತ್ತಾಗುತ್ತದೆ.

ಬೈನಾಕ್ಯುಲರ್ ತಂದ ಮೇಲೆ ಎಲ್ಲರೂ ಮಾಡುವ ಒಂದು ತಪ್ಪು ಎಣಿಕೆ ಇದೆ. ಇದು ಇದ್ದರೆ ಕಡಲಿನ ಆಚೆ ತುದಿವರೆಗೆ ಕಾಣುತ್ತದೆ ಅಂತ. ಇಲ್ಲ. ದಂಡೆಯಲ್ಲಿ ನಿಂತವರ ಕಣ್ಣು ನೀರಿನ ಮಟ್ಟದಿಂದ 1.7 ಮೀಟರ್ ಎತ್ತರದಲ್ಲಿದ್ದರೆ ಅವರಿಗೆ ಕಡಲಿನ ಗೆರೆ ಇರುವುದು ಸುಮಾರು 4.7 ಕಿಲೋಮೀಟರ್ ದೂರದಲ್ಲಿ. ಅದರಾಚೆ ಭೂಮಿಯೇ ಬಾಗಿದೆ. ಎಂಥ ಗಾಜು ಹಾಕಿದರೂ ನೀರಿನ ಹಿಂದೆ ಇರುವುದು ಕಾಣುವುದಿಲ್ಲ. ಜಾಸ್ತಿ ಪವರ್ ಕೊಳ್ಳುವ ಬದಲು ಸ್ವಲ್ಪ ಮೇಲೆ ಹತ್ತಿ. 10 ಮೀಟರ್ ಎತ್ತರದ ದಿಬ್ಬದ ಮೇಲೆ ನಿಂತರೆ ಅದೇ ಗೆರೆ 11 ಕಿಲೋಮೀಟರ್ ಆಚೆ ಹೋಗುತ್ತದೆ. ದುಡ್ಡು ಕೊಡದೆ ಸಿಗುವ ಅಪ್‌ಗ್ರೇಡ್ ಇದೊಂದೇ.

ಈಗ ಇದರಿಂದ ನಿಜವಾಗಿ ಏನು ಉಪಯೋಗ ಅನ್ನುವುದಕ್ಕೆ ಬರುತ್ತೇನೆ. ಬೈನಾಕ್ಯುಲರ್ ವಿಮರ್ಶೆ ಬರೆಯುವವರು ಹೆಚ್ಚಿನವರು ಹಕ್ಕಿ ನೋಡುವವರು, ಅವರಿಗೆ ಊರು ಕಾಣುವುದಿಲ್ಲ. ಊರಿನವರಿಗೆ ಹಕ್ಕಿ ಬೇರೆ, ಕೆಲಸ ಬೇರೆ ಅಲ್ಲ. ಮೀನು ಹಿಡಿಯುವವರು ಹಕ್ಕಿಯನ್ನು ನೋಡುತ್ತಲೇ ಇರುತ್ತಾರೆ. ದೂರದಲ್ಲಿ ಒಂದು ಕಡೆ ಟರ್ನ್ ಹಕ್ಕಿಗಳು ಗಾಳಿಯಲ್ಲಿ ನಿಂತು ನಿಂತು ತಲೆಕೆಳಗಾಗಿ ನೀರಿಗೆ ಬೀಳುತ್ತಿವೆ ಅಂದರೆ ಅಲ್ಲಿ ಸಣ್ಣ ಮೀನಿನ ಹಿಂಡು ಮೇಲಕ್ಕೆ ಬಂದಿದೆ. ಸಣ್ಣ ಮೀನು ಸುಮ್ಮನೆ ಮೇಲೆ ಬರುವುದಿಲ್ಲ, ಎಷ್ಟೋ ಸಲ ಕೆಳಗಿಂದ ಟ್ಯೂನಾದಂಥ ದೊಡ್ಡ ಮೀನು ಅಟ್ಟಿಸಿಕೊಂಡು ಬಂದಿರುತ್ತದೆ. ಕೆಳಗೆ ದೊಡ್ಡ ಮೀನು, ನಡುವೆ ಸಣ್ಣ ಮೀನು, ಮೇಲೆ ಹಕ್ಕಿ, ಹಕ್ಕಿ ಹಿಂದೆ ದೋಣಿ. ಬರಿಗಣ್ಣಿಗೆ ಬಿಳಿ ಚುಕ್ಕೆ ಅಷ್ಟೇ ಕಾಣುತ್ತದೆ. 8×42ರಲ್ಲಿ ನೋಡಿದರೆ ಹಕ್ಕಿ ಬೀಳುತ್ತಿದೆಯೋ, ಸುಮ್ನೆ ಸುತ್ತುತ್ತಿದೆಯೋ, ಇಲ್ಲಾ ನೀರ ಮೇಲೆ ಕೂತು ಆರಾಮ ಮಾಡುತ್ತಿದೆಯೋ ಅನ್ನುವುದು ತಿಳಿಯುತ್ತದೆ. ಕೂತ ಹಕ್ಕಿಯ ಹಿಂದೆ ಡೀಸೆಲ್ ಸುಟ್ಟುಕೊಂಡು ಹೋಗುವುದರಲ್ಲಿ ಅರ್ಥ ಇಲ್ಲ, ಅಲ್ವಾ?

ದಡಕ್ಕೆ ಬರುವ ದೋಣಿಯ ಹಿಂದೆ ಗಲ್ ಹಕ್ಕಿಗಳು ಕಿರುಚುತ್ತಾ ಬರುತ್ತಿದ್ದರೆ ಸಾಮಾನ್ಯವಾಗಿ ದೋಣಿಯಲ್ಲಿ ಏನೋ ಇದೆ ಅಂತ. ಗಲ್‌ಗಳು ಭಾರಿ ಕಳ್ಳರು. ಟರ್ನ್ ಕಷ್ಟಪಟ್ಟು ಹಿಡಿದ ಮೀನನ್ನು ಆಕಾಶದಲ್ಲೇ ಅಟ್ಟಿಸಿ ಬೀಳಿಸಿ ತಿನ್ನುತ್ತವೆ. ಇದನ್ನು ಬೈನಾಕ್ಯುಲರ್‌ನಲ್ಲಿ ನೋಡುವುದು ಟಿವಿ ಧಾರಾವಾಹಿಗಿಂತ ಚೆನ್ನಾಗಿರುತ್ತದೆ. ಕೆಲವು ಜಾತಿಯ ದೊಡ್ಡ ಗಲ್‌ಗಳ ಹಳದಿ ಕೊಕ್ಕಿನ ಕೆಳಗೆ ಒಂದು ಕೆಂಪು ಚುಕ್ಕೆ ಇರುತ್ತದೆ. ಮರಿ ಅದನ್ನು ಕುಕ್ಕಿದರೆ ತಾಯಿಯೋ ತಂದೆಯೋ ತಿಂದದ್ದನ್ನು ಕಕ್ಕಿ ಕೊಡುತ್ತದೆ. ನಿಕೊ ಟಿನ್‌ಬರ್ಗನ್ ಈ ಚುಕ್ಕೆಯ ಮೇಲೆ ಮಾಡಿದ ಪ್ರಯೋಗಗಳು ಹೆಸರುವಾಸಿ, ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕೆ ಅವರಿಗೆ 1973ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಅಂಥ ಗಲ್ ಇರುವ ದಂಡೆಯಾದರೆ ಆ ಚುಕ್ಕೆ ಈ ಬೈನಾಕ್ಯುಲರ್‌ನಲ್ಲಿ ಸಲೀಸಾಗಿ ಕಾಣುತ್ತದೆ. ಮೀನುಡೇಗೆ ಇದ್ದರೆ ಇನ್ನೂ ಮಜಾ. ನೀರಿಂದ ಮೀನು ಎತ್ತಿದ ಮೇಲೆ ಹಾರುತ್ತಲೇ ಅದನ್ನು ತಿರುಗಿಸಿ ತಲೆ ಮುಂದೆ ಬರುವ ಹಾಗೆ ಹಿಡಿಯುತ್ತದೆ, ಗಾಳಿಯ ತಡೆ ಕಡಿಮೆ ಆಗಲಿ ಅಂತ.

ನನಗೆ ಈ ವಸ್ತುವಿನ ಬೆಲೆ ವಸೂಲಾಗಿದ್ದು ಮಾತ್ರ ಅಳಿವೆಯ ಕೆಸರಲ್ಲಿ. ಕೆಸರಲ್ಲಿ ಓಡಾಡುವ ಬೂದು ಹಕ್ಕಿಗಳು ದೂರಕ್ಕೆ ಎಲ್ಲಾ ಒಂದೇ ಥರ ಕಾಣುತ್ತವೆ. ಹತ್ತಿರ ಎಳೆದು ನೋಡಿದರೆ ಕೊಕ್ಕುಗಳು ಬೇರೆ ಬೇರೆ. ಪ್ಲೋವರ್‌ಗೆ ಗಿಡ್ಡ ಕೊಕ್ಕು, ದೊಡ್ಡ ಕಣ್ಣು. ಓಡುತ್ತದೆ, ನಿಲ್ಲುತ್ತದೆ, ಮೇಲ್ಗಡೆ ಕಂಡಿದ್ದನ್ನು ಹೆಕ್ಕುತ್ತದೆ. ಕರ್ಲ್ಯೂಗೆ ಉದ್ದ ಬಾಗಿದ ಕೊಕ್ಕು, ಅದು ಆಳದ ಬಿಲದೊಳಗಿನ ಹುಳ, ಏಡಿಯನ್ನು ಎಳೆಯುತ್ತದೆ. ನಡುವಿನ ಆಳದ್ದು ನಡುವಿನ ಕೊಕ್ಕಿನವರಿಗೆ. ಒಂದೇ ಕೆಸರು, ಪಾಲು ಮಾತ್ರ ಬೇರೆ. ಮರಳಿನ ಕಡೆ ಅಲೆ ಹಿಂದೆ ಓಡಿ, ಅಲೆ ಬಂದಾಗ ವಾಪಸ್ ಓಡಿಬರುವ ಪುಟ್ಟ ಬಿಳಿ ಹಕ್ಕಿ ಸ್ಯಾಂಡರ್ಲಿಂಗ್. ಅದರ ಕಾಲಿಗೆ ಹಿಂಬೆರಳೇ ಇಲ್ಲ. ಬೆಳಕು ಚೆನ್ನಾಗಿದ್ದು, ಅದು ಹತ್ತಿರ ಬಂದು, ಒಂದು ಕ್ಷಣ ನಿಂತರೆ ಅದೂ ಕಾಣುತ್ತದೆ. ನಿಲ್ಲುವುದು ಮಾತ್ರ ಕಷ್ಟ.

ಇಲ್ಲಿ ಒಂದು ವಿಷಯ. ಭರತ-ಇಳಿತದ ಹೊತ್ತು ಗೊತ್ತಿಲ್ಲದೆ ಎಷ್ಟು ಒಳ್ಳೆಯ ಗಾಜು ಹಿಡಿದರೂ ವ್ಯರ್ಥ. ಇಳಿತದಲ್ಲಿ ಕೆಸರು ದೂರದವರೆಗೆ ತೆರೆದುಕೊಂಡಿರುತ್ತದೆ, ಹಕ್ಕಿಗಳೂ ದೂರದಲ್ಲೇ ಮೇಯುತ್ತಿರುತ್ತವೆ. ನೀರು ಏರುತ್ತಾ ಬಂದ ಹಾಗೆ ಅವೇ ದಂಡೆಗೆ ಹತ್ತಿರ ಬರುತ್ತವೆ. ಭರತಕ್ಕೆ ಒಂದೆರಡು ಗಂಟೆ ಮುಂಚೆ ಹೋಗಿ ಒಂದು ಕಡೆ ಕೂತುಬಿಡಿ. ಹೆಚ್ಚಿನ ಕಡೆ ದಿನಕ್ಕೆ ಎರಡು ಭರತ, ನಡುವೆ 12 ಗಂಟೆ 25 ನಿಮಿಷ ಅಂತರ, ಹಾಗಾಗಿ ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇಂದು ಬೆಳಗ್ಗೆ ಏಳಕ್ಕೆ ಇದ್ದದ್ದು ನಾಳೆ ಏಳಕ್ಕೇ ಇರುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರು ತುಂಬಾ ಮೇಲೆ ಬರುತ್ತದೆ, ಅಷ್ಟೇ ಕೆಳಗೂ ಹೋಗುತ್ತದೆ. ಕಡಲ ಊರಿನ ಅಜ್ಜಿಯಂದಿರಿಗೆ ಇದೆಲ್ಲಾ ಬಾಯಿಪಾಠ. ಬೈನಾಕ್ಯುಲರ್ ಜೊತೆ ಬರುವ ಮ್ಯಾನುಯಲ್‌ನಲ್ಲಿ ಮಾತ್ರ ಒಂದು ಸಾಲೂ ಇಲ್ಲ.

ಹಾಗೆ ಕೂತಾಗ ಹಕ್ಕಿಗಳ ಕಡೆ ನಡೆದುಕೊಂಡು ಹೋಗಬೇಡಿ, ನಾಯಿ ಬಿಡಬೇಡಿ. ಬೈನಾಕ್ಯುಲರ್ ಇರುವುದೇ ಹತ್ತಿರ ಹೋಗದೆ ನೋಡಲಿಕ್ಕೆ. ಕೆಸರಲ್ಲಿ ಮೇಯುವ ಗಾಡ್‌ವಿಟ್ ಅನ್ನೋ ಹಕ್ಕಿಯನ್ನೇ ನೋಡಿ. 2022ರ ಅಕ್ಟೋಬರ್‌ನಲ್ಲಿ ಇದರ ಒಂದು ಮರಿ, ಹುಟ್ಟಿ ಐದು ತಿಂಗಳಾಗಿದ್ದದ್ದು, ಅಲಾಸ್ಕಾದಿಂದ ಟ್ಯಾಸ್ಮೇನಿಯಾಗೆ 13,560 ಕಿಲೋಮೀಟರ್ ಹಾರಿತು, 11 ದಿನ, ಎಲ್ಲೂ ಇಳಿಯದೆ. ಮೈಮೇಲೆ ಕಟ್ಟಿದ್ದ ಟ್ಯಾಗ್‌ನಿಂದ ಉಪಗ್ರಹದ ಮೂಲಕ ದಾರಿ ಗೊತ್ತಾಯಿತು. ನಡುವೆ ನೀರ ಮೇಲೆ ಕೂರಲು ಅದಕ್ಕೆ ಬರುವುದಿಲ್ಲ. ಹೊರಡುವ ಮುಂಚೆ ಕೊಬ್ಬು ತುಂಬಿಕೊಳ್ಳಬೇಕು, ಅದು ಬರುವುದು ಇಂಥ ಕೆಸರಿನಿಂದಲೇ. ಸೆಲ್ಫಿಗೆ ಅಂತ ಓಡಿ ಎಬ್ಬಿಸಿದರೆ ಪ್ರತಿ ಸಲವೂ ಅದರ ಕೊಬ್ಬು ಖರ್ಚಾಗುತ್ತದೆ. ಮರಳಲ್ಲಿ ಗುಂಡಿ ಮಾಡಿ ಮೊಟ್ಟೆ ಇಡುವ ಪ್ಲೋವರ್ ಇದ್ದರೆ ಇನ್ನೂ ಜಾಗ್ರತೆ. ಮೊಟ್ಟೆ ಮರಳಿನ ಬಣ್ಣದ್ದೇ, ಕಾಲಿಗೆ ಸಿಕ್ಕಿದರೂ ಗೊತ್ತಾಗುವುದಿಲ್ಲ. ಹಕ್ಕಿ ರೆಕ್ಕೆ ಮುರಿದ ಹಾಗೆ ನಟನೆ ಮಾಡುತ್ತಾ ಕುಂಟುತ್ತಾ ಹೋಗುತ್ತಿದ್ದರೆ ನೀವು ಗೂಡಿನ ಹತ್ತಿರ ಇದ್ದೀರಿ ಅಂತ ತಿಳಿದು ವಾಪಸ್ ಬನ್ನಿ.

ದೂರದ್ದು ಆಯಿತು, ಹತ್ತಿರದ್ದೂ ಇದೆ. ಕೊಳ್ಳುವಾಗ ಎಷ್ಟು ಹತ್ತಿರದವರೆಗೆ ಫೋಕಸ್ ಆಗುತ್ತದೆ ಅಂತ ಕೇಳಿ. ನನ್ನದು 2 ಮೀಟರ್‌ವರೆಗೆ ಆಗುತ್ತದೆ. ಇದು ಏಡಿ ನೋಡುವವರಿಗೆ ವರ. ಏಡಿ ಹತ್ತಿರ ಹೋದರೆ ಬಿಲಕ್ಕೆ ಇಳಿಯುತ್ತದೆ, ದೂರದಿಂದ ನೋಡಿದರೆ ಏನೂ ಕಾಣುವುದಿಲ್ಲ. ನಾಲ್ಕೈದು ಮೀಟರ್ ದೂರ ಅಲ್ಲಾಡದೆ ಕೂತು ಗಾಜಿನಲ್ಲಿ ನೋಡಿ. ಫಿಡ್ಲರ್ ಏಡಿಯ ಗಂಡು ತನ್ನ ಒಂದೇ ಒಂದು ದೊಡ್ಡ ಕೊಂಡಿಯನ್ನು ಎತ್ತಿ ಎತ್ತಿ ಬೀಸುತ್ತಾ ಹೆಣ್ಣನ್ನು ಕರೆಯುತ್ತದೆ. ಆ ಕೊಂಡಿ ತಿನ್ನಲಿಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಇನ್ನೊಂದು ಪುಟ್ಟ ಕೊಂಡಿಯಲ್ಲೇ ಕೆಸರು ಬಾಯಿಗೆ ಹಾಕಿಕೊಳ್ಳಬೇಕು. ಹೆಣ್ಣಿಗೆ ಎರಡೂ ಪುಟ್ಟ ಕೊಂಡಿ, ಎರಡೂ ಕೈಯಲ್ಲಿ ಊಟ.

ಊರಲ್ಲಿ ಬೈನಾಕ್ಯುಲರ್ ಇಟ್ಟುಕೊಳ್ಳುವುದರ ಇನ್ನೊಂದು ಪರಿಣಾಮ ಯಾವ ವಿಮರ್ಶೆಯಲ್ಲೂ ಓದಿಲ್ಲ. ನೀವು ಊರಿನ ಕಾವಲುಗಾರ ಆಗಿಬಿಡುತ್ತೀರಿ. ಗಾಳಿ ಜೋರಾದ ದಿನ 'ನಮ್ಮ ದೋಣಿ ಕಾಣ್ತಾ ನೋಡಿ' ಅಂತ ಬಾಗಿಲಿಗೆ ಬರುತ್ತಾರೆ. ಯಾವ ದೋಣಿ ಅಂತ ಬಣ್ಣದಿಂದ, ಬಾವುಟದಿಂದ, ಮುಂದಿನ ಮೂತಿಯ ಆಕಾರದಿಂದ ಗುರುತು ಹಿಡಿಯುವುದು ಕಲಿಯಬೇಕಾಗುತ್ತದೆ. ಈಜಲು ಬಂದವರಿಗೂ ಉಪಯೋಗ ಇದೆ. ಒಡೆಯುವ ಬಿಳಿ ಅಲೆಗಳ ನಡುವೆ ಒಂದು ಕಡೆ ಮಾತ್ರ ಅಲೆ ಒಡೆಯದೆ, ನೀರು ಸ್ವಲ್ಪ ಕಪ್ಪಗೆ, ನೊರೆ ಕಡಲ ಒಳಕ್ಕೆ ಎಳೆದುಕೊಂಡು ಹೋಗುತ್ತಿದ್ದರೆ ಅದು ಸೆಳೆತದ ಜಾಗ. ಹೊಸಬರು ಅಲೆ ಇಲ್ಲ, ಶಾಂತವಾಗಿದೆ ಅಂತ ಅಲ್ಲೇ ಇಳಿಯುತ್ತಾರೆ. ದಿಬ್ಬದಿಂದ ಬೈನಾಕ್ಯುಲರ್‌ನಲ್ಲಿ ನೋಡಿದರೆ ಆ ಗೆರೆ ಚೆನ್ನಾಗಿ ಕಾಣುತ್ತದೆ. ಸಿಕ್ಕಿಕೊಂಡವರು ದಂಡೆ ಕಡೆಗೆ ನೇರ ಈಜದೆ, ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಗೆ ಬರಬೇಕು.

ಇನ್ನು ಮನೆಗಳ ಕಡೆ ತಿರುಗಿಸಬೇಡಿ. ಕಡಲ ಕಡೆ ಬೆನ್ನು ಮಾಡಿ ಬೈನಾಕ್ಯುಲರ್ ಎತ್ತಿದ ಮನುಷ್ಯನ ಬಗ್ಗೆ ಸಣ್ಣ ಊರಲ್ಲಿ ಸಂಜೆಯೊಳಗೆ ಮಾತು ಹಬ್ಬುತ್ತದೆ. ಹಕ್ಕಿ ಮಾಡಿನ ಮೇಲೆ ಕೂತಿತ್ತು ಅಂದರೆ ಯಾರೂ ನಂಬುವುದಿಲ್ಲ.

ಈಗ ದೂರುಗಳು. ಮುಂದಿನ ಗಾಜಿನ ರಬ್ಬರ್ ಮುಚ್ಚಳಗಳು ದಂಡ. ಒಂದು ಗಾಳಿಗೆ ಕಳಚಿಕೊಳ್ಳುತ್ತದೆ, ಇನ್ನೊಂದು ತೆಗೆಯಲು ಬರುವುದಿಲ್ಲ. ಜೊತೆಗೆ ಕೊಡುವ ಪಟ್ಟಿ ಕಿರಿದು, ಬೆವರಿಗೆ ಕುತ್ತಿಗೆ ಕೊರೆಯುತ್ತದೆ. ಎರಡೂ ಭುಜಕ್ಕೆ ಹಾಕುವ ಹಾರ್ನೆಸ್ ಬೇರೆಯೇ ಕೊಳ್ಳಬೇಕಾಯಿತು. ಬಲಗಣ್ಣಿನ ಹೊಂದಾಣಿಕೆಯ ಉಂಗುರ ಸಡಿಲ. ಚೀಲದಿಂದ ತೆಗೆಯುವಾಗ ತಿರುಗಿಬಿಡುತ್ತದೆ, ಆಮೇಲೆ ಎಲ್ಲಾ ಮಸುಕು. ಲಾಕ್ ಇರುವ ಉಂಗುರ ಇದ್ದರೆ ಅದನ್ನೇ ಆರಿಸಿ. ಹೊಳೆಯುವ ಆಕಾಶದ ಎದುರು ಬಿಳಿ ಹಕ್ಕಿ ನೋಡಿದರೆ ಅಂಚಿನಲ್ಲಿ ನೇರಳೆ ಬಣ್ಣ ಕಾಣುತ್ತದೆ. ಇಡಿ (ED) ಗಾಜು, ಅಂದರೆ ಬಣ್ಣ ಚದುರುವುದನ್ನು ತಗ್ಗಿಸುವ ವಿಶೇಷ ಗಾಜು, ಇರುವುದರಲ್ಲಿ ಇದು ಕಡಿಮೆ, ಬೆಲೆಯೂ ಅದಕ್ಕೆ ತಕ್ಕ ಹಾಗೆ ಜಾಸ್ತಿ. ನಡು ಮಧ್ಯಾಹ್ನ ಬಿಸಿ ಮರಳಿನ ಮೇಲಿನ ಗಾಳಿ ಅಲ್ಲಾಡುವುದರಿಂದ ದೂರದ್ದು ಕುದಿಯುವ ಹಾಗೆ ಕಾಣುತ್ತದೆ. ಇದು ಗಾಜಿನ ತಪ್ಪಲ್ಲ, ಎಷ್ಟು ದುಬಾರಿಯದ್ದು ತಂದರೂ ಹಾಗೇ.

ಕಡಲ ಊರಲ್ಲಿ ಬೈನಾಕ್ಯುಲರ್ ಕೊಲ್ಲುವುದು ಮೂರು: ಉಪ್ಪು, ಮರಳು, ಬೂಷ್ಟು. ಅದಕ್ಕೇ ವಾಟರ್‌ಪ್ರೂಫ್ ಅಲ್ಲದ್ದು ತೆಗೆದುಕೊಳ್ಳಲೇಬೇಡಿ. ಐಪಿಎಕ್ಸ್7 ಅಂತ ಇದ್ದರೆ ಒಂದು ಮೀಟರ್ ನೀರಲ್ಲಿ 30 ನಿಮಿಷ ಇದ್ದರೂ ನೀರು ಒಳಗೆ ಹೋಗಬಾರದು. ಒಳಗೆ ನೈಟ್ರೋಜನ್ ತುಂಬಿದ್ದರೆ ಒಳಗಡೆ ಮಂಜು ಕಟ್ಟುವುದಿಲ್ಲ. ಹೊರಗಿನ ಗಾಜಿಗೆ ಕಟ್ಟುತ್ತದೆ. ಎಸಿ ರೂಮಿನಿಂದ ಒದ್ದೆ ಗಾಳಿಗೆ ತಂದ ಕೂಡಲೇ ಆಗುವುದು ಅದೇ, ಸ್ವಲ್ಪ ಹೊತ್ತು ಬಿಟ್ಟರೆ ಹೋಗುತ್ತದೆ. ಕಡಲಿಂದ ಬಂದ ಮೇಲೆ ಗಾಜನ್ನು ಲುಂಗಿಯಲ್ಲೋ ಅಂಗಿ ತುದಿಯಲ್ಲೋ ಒರೆಸಬೇಡಿ. ಗಾಜಿನ ಮೇಲೆ ಕೂತ ಮರಳಿನ ಪುಡಿಯನ್ನು ಉಜ್ಜಿದರೆ ಲೇಪ ಗೀರಿ ಹೋಗುತ್ತದೆ. ಮೊದಲು ಸಿಹಿನೀರಲ್ಲಿ ಮೆಲ್ಲಗೆ ತೊಳೆಯಿರಿ, ವಾಟರ್‌ಪ್ರೂಫ್ ಇದ್ದರೆ ಮಾತ್ರ. ನೀರು ಬಸಿದ ಮೇಲೆ ಮೆತ್ತನೆಯ ಲೆನ್ಸ್ ಬಟ್ಟೆಯಿಂದ ಒತ್ತಿ ತೆಗೆಯಿರಿ. ಫೋಕಸ್ ಚಕ್ರ ತಿರುಗಿಸುವಾಗ ಕರಕರ ಅಂದರೆ ಮರಳು ಹೋಗಿದೆ, ಬಲವಂತ ಮಾಡಬೇಡಿ. ಮಳೆಗಾಲದಲ್ಲಿ ಮುಚ್ಚಳ ಬಿಗಿಯಾಗಿ ಕೂರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಬಟ್ಟೆ ಚೀಲದಲ್ಲಿ ಇಟ್ಟು ಬೀರುವಿನ ಮೂಲೆಗೆ ತಳ್ಳಿದರೆ ಗಾಜಿನ ಮೇಲೆ ಜೇಡರ ಬಲೆಯಂಥ ಬೂಷ್ಟು ಬರುತ್ತದೆ, ಅದು ಲೇಪವನ್ನೇ ತಿನ್ನುತ್ತದೆ.

ರಾತ್ರಿ ಇದರಿಂದ ಏನೂ ಇಲ್ಲ. ಕಡಲಾಮೆ ಮೊಟ್ಟೆ ಇಡಲು ಬರುವ ದಂಡೆಯಾದರೆ ಬೈನಾಕ್ಯುಲರ್ ಅಷ್ಟೇ ಅಲ್ಲ, ಟಾರ್ಚನ್ನೂ ಮನೆಯಲ್ಲೇ ಬಿಡಿ. ಬೆಳಕು ಕಂಡರೆ ದಂಡೆಗೆ ಬಂದ ತಾಯಿ ಮೊಟ್ಟೆ ಇಡದೆ ವಾಪಸ್ ಹೋಗಬಹುದು. ಸುಮಾರು ಎರಡು ತಿಂಗಳಿಗೆ ಮರಿ ಹೊರಬಂದಾಗ ಅವು ಹೊಳೆಯುವ ಕಡೆಗೆ ಹೋಗುತ್ತವೆ. ಕತ್ತಲೆಯ ದಂಡೆಯಲ್ಲಿ ಹೊಳೆಯುವುದು ಕಡಲು. ಹಿಂದೆ ರಸ್ತೆ ದೀಪ ಇದ್ದರೆ ರಸ್ತೆಗೆ ಹೋಗುತ್ತವೆ. ಬೆಳಗ್ಗೆ ದಿಬ್ಬದಿಂದ ಆಮೆಯ ಜಾಡು ಹುಡುಕಲು ಮಾತ್ರ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮರಳಲ್ಲಿ ಟ್ರಾಕ್ಟರ್ ಗಾಲಿ ಹೋದ ಹಾಗೆ ಅಗಲದ ಗುರುತು ಇರುತ್ತದೆ, ಅದನ್ನು ತುಳಿಯದೆ ಅರಣ್ಯದವರಿಗೆ ಹೇಳಬಹುದು. ಇನ್ನೊಂದು, ಸೂರ್ಯ ಮುಳುಗುವುದನ್ನು ಇದರಲ್ಲಿ ನೋಡಬೇಡಿ, ಮಕ್ಕಳಿಗೂ ಬಿಡಬೇಡಿ. ಕಣ್ಣು ಹೋಗುತ್ತದೆ. ಕೆಂಪಾಗಿದೆ, ತಂಪಾಗಿದೆ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ.

ಅಂಗಡಿಯಲ್ಲಿ ನೋಡಬೇಕಾದದ್ದು ಸ್ವಲ್ಪವೇ. ಬೈನಾಕ್ಯುಲರ್ ಅನ್ನು ಮುಖದಿಂದ ಒಂದು ಮೊಳ ದೂರ ಹಿಡಿದು ಬೆಳಕಿನ ಕಡೆ ತಿರುಗಿಸಿ. ಕಣ್ಣಿಡುವ ಗಾಜಿನಲ್ಲಿ ಕಾಣುವ ಬೆಳಕಿನ ಚುಕ್ಕೆ ಪೂರ್ತಿ ಗುಂಡಗೆ ಇರಬೇಕು. ಮೂಲೆ ಕತ್ತರಿಸಿದ ಹಾಗೆ ಚೌಕವಾಗಿದ್ದರೆ ಒಳಗಿನ ಪ್ರಿಸಂ (ಬೆಳಕನ್ನು ತಿರುಗಿಸುವ ಗಾಜಿನ ತುಂಡು) ಅಗ್ಗದ್ದು, ಅಂಚಿನ ಬೆಳಕು ಕಳೆದುಹೋಗುತ್ತದೆ. ಲೇಪ ಎಲ್ಲಾ ಗಾಜಿಗೂ ಇದೆಯಾ ಅಂತ ಕೇಳಿ. ಲೇಪ ಇಲ್ಲದ ಗಾಜಿನ ಪ್ರತಿ ಮುಖದಲ್ಲೂ ಸುಮಾರು 4 ಶೇಕಡ ಬೆಳಕು ಹೋಗುತ್ತದೆ, ಒಳಗೆ ಅಂಥ ಮುಖಗಳು ಹತ್ತಕ್ಕಿಂತ ಜಾಸ್ತಿ ಇರುತ್ತವೆ. ಕನ್ನಡಕ ಹಾಕುವವರು ಕನ್ನಡಕ ಹಾಕಿಕೊಂಡೇ ನೋಡಿ, ಕಣ್ಣಿಡುವ ಗಾಜಿನ ಸುತ್ತ ಇರುವ ಬಟ್ಟಲನ್ನು ಪೂರ್ತಿ ಕೆಳಗೆ ಇಳಿಸಿ. ಸುತ್ತಲೂ ಕಪ್ಪು ಉಂಗುರ ಬಂದರೆ ಆ ಮಾಡೆಲ್ ನಿಮಗೆ ಆಗಿಬರುವುದಿಲ್ಲ. ಐ ರಿಲೀಫ್, ಅಂದರೆ ಕಣ್ಣು ಗಾಜಿನಿಂದ ಎಷ್ಟು ದೂರ ಇದ್ದರೂ ಪೂರ್ತಿ ನೋಟ ಕಾಣುತ್ತದೆ ಅನ್ನುವ ಅಳತೆ, 15 ಮಿಲಿಮೀಟರ್‌ಗಿಂತ ಜಾಸ್ತಿ ಇರುವುದು ಹುಡುಕಿ. ಮನೆಯಲ್ಲಿ ಮಕ್ಕಳೂ ನೋಡುವುದಾದರೆ ಎರಡು ಕಣ್ಣಿನ ನಡುವಿನ ಅಂತರ ಎಷ್ಟು ಚಿಕ್ಕದಾಗುತ್ತದೆ ಅಂತ ಮಡಚಿ ಪರೀಕ್ಷೆ ಮಾಡಿ. ಅದು ಹೊಂದದಿದ್ದರೆ ಮಗು ಒಂದೇ ಕಣ್ಣಲ್ಲಿ ನೋಡುತ್ತದೆ, ಎರಡು ನಿಮಿಷಕ್ಕೆ ಬೇಜಾರಾಗಿ ಮರಳಲ್ಲಿ ಇಟ್ಟು ಓಡುತ್ತದೆ.